ಅತ್ತಿಗೆಯ ಫೋನಿನಲ್ಲಿದ್ದ ನಾಟಿ ಹಾಡುಗಳು

ಅತ್ತಿಗೆ, ನಿಮ್ಮ ಅಮ್ಮನ ಹಾಡುಗಳು ಹೋದದ್ದು ನನ್ನಿಂದ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು —

ಬೇಡದ ಚಂದಾ ರದ್ದು ಮಾಡುವುದರಲ್ಲಿ ನಾನು ಎತ್ತಿದ ಕೈ ಎಂದು ಮನೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ಕುಮಟಾದಿಂದ ರಜೆಗೆ ಕಾಯ್ಕಿಣಿಗೆ ಬಂದರೆ ಸಾಕು, ಎಲ್ಲರ ಫೋನೂ ನನ್ನ ಮುಂದೆ. ಕಾಲರ್ ಟ್ಯೂನ್, ದಿನಭವಿಷ್ಯ, ಯಾರೂ ನೋಡದ ಸಿನಿಮಾ ಆಪ್ — ಬರೀ ಆಪ್ ಅಳಿಸಿದರೆ ದುಡ್ಡು ಹೋಗುವುದು ನಿಲ್ಲುವುದಿಲ್ಲ, ಒಳಗೆ ಹೋಗಿ ಚಂದಾವನ್ನೇ ನಿಲ್ಲಿಸಬೇಕು ಎಂದು ಪಾಠ ಹೇಳುತ್ತ ಒಂದೊಂದನ್ನೇ ಕೀಳುತ್ತಿದ್ದೆ. ನಿಮ್ಮ ಫೋನಿನಲ್ಲಿ ಇನ್ನೊಂದು ಚಂದಾ ಇತ್ತು. ಯಾತಕ್ಕೆಂದು ಕೇಳಬಹುದಿತ್ತು, ನೀವು ಅಲ್ಲೇ ಮೀನು ಕೊಯ್ಯುತ್ತ ಕೂತಿದ್ದಿರಿ. ಕೇಳಲಿಲ್ಲ. ಅತ್ತಿಗೆಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂಬ ಜಂಬದಲ್ಲಿ ಅದನ್ನೂ ಕಿತ್ತೆ.

ಫೋನು ತುಂಬಿದಾಗ, ಹಾಡುಗಳು ಉಳಿಯಲೆಂದು ಮೊಬೈಲ್ ಅಂಗಡಿಯವನು ಇಂಟರ್‌ನೆಟ್‌ನಲ್ಲಿ ಮಾಡಿಕೊಟ್ಟ ಬಾಡಿಗೆ ಜಾಗವಂತೆ ಅದು. ಎಚ್ಚರಿಕೆ ಬರಲಿಲ್ಲವೆಂದಲ್ಲ. ನಿಮ್ಮ ಖಾತೆಗೆ ಕೊಟ್ಟದ್ದು ನನ್ನದೇ ಇಮೇಲ್. ಚಂದಾ ಕಟ್ಟದಿದ್ದರೆ ಅಳಿಸುತ್ತೇವೆ, ಅಳಿಸುತ್ತೇವೆ ಎಂದು ನನಗೇ ಬರುತ್ತಿತ್ತು. ಬಿಟ್ಟ ಗಿರಾಕಿಯನ್ನು ಮತ್ತೆ ಹಿಡಿಯುವ ಉಪಾಯ ಎಂದು ಸುಮ್ಮನಾದೆ.

ನಿಮ್ಮ ಅಮ್ಮ ಹಾಡುತ್ತಿದ್ದದ್ದು ನಿಮ್ಮ ತವರು ಬೆಳಕೆಯ ಗದ್ದೆಯಲ್ಲಿ, ನಾಟಿಯ ದಿನ ಮಾತ್ರ. ಮನೆಯಲ್ಲಿ ಕೂತು ಹಾಡಿ ಎಂದರೆ, ಕೈಯಲ್ಲಿ ಸಸಿ ಇಲ್ಲದೆ ಪದ ಬಾಯಿಗೆ ಬರುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ನೀವು ಫೋನನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಅವರ ಪಕ್ಕದಲ್ಲೇ ನೆಡುತ್ತ ರೆಕಾರ್ಡ್ ಮಾಡಿದ್ದು. ಅವರು ತೀರಿಕೊಂಡ ವರ್ಷ ಅದನ್ನು ಕೇಳುವ ಧೈರ್ಯ ನಿಮಗಿರಲಿಲ್ಲ. ವರ್ಷಾಂತಿಕದ ದಿನ ಎಲ್ಲರಿಗೂ ಕೇಳಿಸಲೆಂದು ತೆರೆದಿರಿ. ಏನೂ ಇರಲಿಲ್ಲ.

“ತಮ್ಮಾ, ನಾನೇ ಎಂತಾರೂ ಒತ್ತಿಬಿಟ್ನಾ?”

“ಒತ್ತಿರ್ಬೇಕು ಅತ್ತಿಗೆ,” ಎಂದೆ.

ಆಮೇಲೆ ನೀವು ಫೋನು ಮುಟ್ಟುವುದನ್ನೇ ಬಿಟ್ಟಿರಿ. ರಿಂಗಾದರೂ ಮಕ್ಕಳನ್ನು ಕರೆಯುತ್ತೀರಿ. ಅವರು ತಮಾಷೆ ಮಾಡುತ್ತಾರೆ, ನೀವೂ ನಗುತ್ತೀರಿ. ಆ ನಗುವಿನಲ್ಲಿ ನಾನೂ ಸೇರಿದ್ದೇನೆ — ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ಹೆಬಳೆಯ ನಿಮ್ಮ ಚಿಕ್ಕಮ್ಮನಿಗೂ ಅದೇ ಹಾಡುಗಳು ಬರುತ್ತವೆಂದು ತಿಳಿದು, ಈ ಸಲ ನಾಟಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದೆ. ನೀವು ಒಪ್ಪಲಿಲ್ಲ.

“ಬ್ಯಾಡ ತಮ್ಮಾ. ಅಮ್ಮನ್ನೇ ಅಳಿಸಿದ ಕೈ ಇದು.”

ಭಾನುವಾರ ಬರುತ್ತೇನೆ. ಅಣ್ಣನೂ ಮಕ್ಕಳೂ ಕೂತಿರುವಾಗಲೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳಲು ಅಲ್ಲ. ನಿಮ್ಮ ಕೈ ಏನೂ ಮಾಡಿಲ್ಲ ಎಂದು ಹೇಳಲು.