ಪಂಜದ ಹೊಗೆಗೂಡಿನ ಸರ್ವೆ

ಕಬಕದ ಮ್ಯಾಪ್ ಆಫೀಸಿನಲ್ಲಿ ಈಗ ಕುರ್ಚಿಗಳೇ ಹೆಚ್ಚು, ಜನ ಕಡಿಮೆ. ಹೋದ ವರ್ಷದವರೆಗೆ ಅಲ್ಲಿ ಒಂದು ಸಾಲು ಹುಡುಗರು ಕೂತು, ಡ್ರೋನ್ ತೆಗೆದ ಚಿತ್ರದಲ್ಲಿ ಒಂದೊಂದೇ ಮನೆಯ ಮಾಡಿನ ಸುತ್ತ ಗೆರೆ ಎಳೆಯುತ್ತಿದ್ದರು. ಗೆರೆಗೊಂದು ತಮಾಷೆ, ಗಳಿಗೆಗೊಂದು ಚಹಾ. ಆಮೇಲೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದು ಚಿತ್ರ ನೋಡಿ ತಾನೇ ಮನೆ ಗುರುತಿಸುತ್ತದೆ, ತಾನೇ ಗೆರೆ ಎಳೆಯುತ್ತದೆ, ಚಹಾ ಆರುವಷ್ಟರಲ್ಲಿ ಒಂದು ಗ್ರಾಮ ಮುಗಿಸುತ್ತದೆ. ಅದು ಮಾಡಿದ್ದು ಸರಿಯೋ ತಪ್ಪೋ ನೋಡಲು ಒಬ್ಬ ಸಾಕು. ಆ ಒಬ್ಬ ಕೆದಂಬಾಡಿಯ ಗಿರಿಧರ.

"ನಿನ್ನ ಪುಣ್ಯ ಮಾರಾಯ, ಕೆಲಸ ಉಳಿಯಿತು" ಎಂದಿದ್ದ ಪಕ್ಕದ ಕುರ್ಚಿಯ ಪ್ರಖ್ಯಾತ್, ಕೊನೆಯ ದಿನ ಬ್ಯಾಗ್ ಹೆಗಲಿಗೇರಿಸುತ್ತ.

ಕೆಲಸವೇನೋ ಉಳಿಯಿತು, ಮಾತು ಉಳಿಯಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಗಿರಿಧರ ಮಾಡುಗಳನ್ನು ನೋಡುತ್ತಿದ್ದ, ಮಾಡಿನ ಕೆಳಗಿನವರನ್ನಲ್ಲ. ಮನೆಯಲ್ಲಿ ಅಣ್ಣನ ಸಂಸಾರ ಅದರಷ್ಟಕ್ಕೆ ಅದು. ಇವನ ಊಟ ಮುಚ್ಚಿಟ್ಟಿರುತ್ತಿತ್ತು.

ಹೊರಗೆ ಹೋಗಲು ಒಂದೇ ದಾರಿ ಇತ್ತು. ಯಂತ್ರ ಎಳೆದ ಗೆರೆ ಸಂಶಯ ಎನಿಸಿದರೆ 'ಸ್ಥಳ ಪರಿಶೀಲನೆ' ಎಂದು ಒತ್ತಿ, ಟ್ಯಾಬ್ ಹಿಡಿದು ಹೋಗಬಹುದಿತ್ತು. ಆದರೆ ಆ ಹಾಳು ಯಂತ್ರ ತಪ್ಪುವುದೇ ಅಪರೂಪ.

ಜನವರಿಯಲ್ಲಿ ಪಂಜದ ಚಿತ್ರ ಬಂತು. ಒಂದು ರಬ್ಬರ್ ತೋಟದ ಬದಿಯಲ್ಲಿ ಪುಟ್ಟ ಹೆಂಚಿನ ಮಾಡು, ಅಂಚಿನಲ್ಲಿ ತೆಳು ಹೊಗೆ. ಯಂತ್ರ ಧೈರ್ಯವಾಗಿ 'ಮನೆ' ಎಂದಿತ್ತು. ಅದು ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಎಂದು ಗಿರಿಧರನಿಗೆ ನೋಡಿದ ಕೂಡಲೇ ತಿಳಿಯಿತು. ಅಳಿಸಿದರೆ ಮುಗಿಯಿತು. ಅವನ ಬೆರಳು 'ಸ್ಥಳ ಪರಿಶೀಲನೆ'ಯನ್ನು ಒತ್ತಿತು.

ಆ ತೋಟದ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಮನೆಯೊಡತಿ ಶೀಲಾವತಿ ಬೆಲ್ಲ, ನೀರು ತಂದಿಟ್ಟರು. ಆಮೇಲೆ ವಿಷಯ.

"ಯಾವ ಮನೆಯಾಯ್ತು ನಿಮ್ಮದು?"

"ಕೆದಂಬಾಡಿ. ಆ ಹೊಗೆ ಬರುವ ಮಾಡು ಮನೆಯಾ ಅಲ್ವಾ ಅಂತ ನೋಡ್ಲಿಕ್ಕೆ ಬಂದದ್ದು."

"ಒಳಗೆ ಹೋಗಿ ಒಂದು ಗಳಿಗೆ ನಿಲ್ಲಿ, ಗೊತ್ತಾಗ್ತದೆ."

ಅವರ ಗಂಡ ಕುಕ್ಕಪ್ಪ ಹೊಗೆಯೊಳಗಿಂದಲೇ ನಕ್ಕರು. "ಸುಮ್ಮನೆ ನಿಲ್ಲುದು ಯಾಕೆ? ಶೀಟು ಕೊಡ್ತಾ ಬನ್ನಿ."

ಗಿರಿಧರ ಟ್ಯಾಬನ್ನು ಹೆಗಲ ಚೀಲದಲ್ಲಿಟ್ಟು, ಒಳಗೆ ತೂಗುಹಾಕಲು ಒಂದೊಂದೇ ಶೀಟು ಎತ್ತಿಕೊಟ್ಟ. ಕಣ್ಣಲ್ಲಿ ನೀರು ಬಂತು, ಅಂಗಿ ಪೂರ್ತಿ ವಾಸನೆ ಹಿಡಿಯಿತು. ಮಧ್ಯಾಹ್ನ ಎಲೆ ಹಾಕಿದರು. ಅವನು ಬೇಡ ಎನ್ನಲಿಲ್ಲ. ಎದುರಿಗೊಬ್ಬರು ಕೂತು ಉಂಡದ್ದು ಯಾವ ಕಾಲವಾಗಿತ್ತೋ.

ಅವನಿಗೆ ಮರೆತುಹೋದದ್ದು ಒಂದೇ: ಹೊಸ ಆವೃತ್ತಿಯಲ್ಲಿ ಟ್ಯಾಬ್ ಹೋದಲ್ಲೆಲ್ಲ ನಕ್ಷೆಯ ಮೇಲೆ ನೀಲಿ ಗೆರೆ ಬೀಳುತ್ತದೆ. ಮರುದಿನ ಮ್ಯಾನೇಜರ್ ಉದಯಶಂಕರ ತನ್ನ ಪರದೆಯನ್ನು ಇವನತ್ತ ತಿರುಗಿಸಿದ. ಹೊಗೆಗೂಡಿನ ಬಾಗಿಲಲ್ಲಿ ನೀಲಿ ನೂಲಿನ ಉಂಡೆ.

"ಅರ್ಧ ದಿನ ಎಂತ ಮಾಡಿದ್ದು ಮಾರಾಯ ಅಲ್ಲಿ? ದೇವಸ್ಥಾನಕ್ಕೂ ಯಾರೂ ಇಷ್ಟು ಸುತ್ತು ಬರುದಿಲ್ಲ."

"ಶೀಟು ಕೊಟ್ಟದ್ದು."

ಉದಯಶಂಕರ ನಗಲಿಲ್ಲ, ಬೈಯಲೂ ಇಲ್ಲ. "ಇನ್ನು ಸಂಶಯ ಬಂದ್ರೆ ಅಲ್ಲಿಯವರ ಹತ್ರ ಒಂದು ಫೋಟೋ ತರಿಸುವ. ಆ್ಯಪಿನಲ್ಲಿ ಅದೂ ಉಂಟು. ನೀನು ಹೋಗುದು ಬೇಡ."

ಅಲ್ಲಿಗೆ ಆ ದಾರಿಯೂ ಮುಚ್ಚಿತು. ಗಿರಿಧರ ಹೊಗೆಗೂಡನ್ನು ನಕ್ಷೆಯಿಂದ ಅಳಿಸಿದ.

ಸುಮಾರು ದಿನ ಯೋಚಿಸಿದ. ಹೋಗಬೇಕೆಂದರೆ ಕಾರಣ ಬೇಕು. ಕಾರಣವಿಲ್ಲದೆ ಯಾರ ಅಂಗಳಕ್ಕೆ ಹೋದ ಅಭ್ಯಾಸವೂ ಅವನಿಗಿರಲಿಲ್ಲ. ಕೊನೆಗೆ ಒಂದು ಭಾನುವಾರ ಬೈಕ್ ಹತ್ತಿದ. ರಬ್ಬರ್ ಎಲೆ ಪೂರ್ತಿ ಉದುರಿ, ಹಾಲು ತೆಗೆಯುವ ಟ್ಯಾಪಿಂಗ್ ನಿಂತಿತ್ತು. ಹೊಗೆಗೂಡು ತಣ್ಣಗಿತ್ತು. ಅಂಗಳದಲ್ಲಿ ಜೀಪು, ಗಂಡಹೆಂಡತಿ ಎಲ್ಲಿಗೋ ಹೊರಟು ನಿಂತಿದ್ದರು.

"ಇವತ್ತು ಎಂತ ಸಂಶಯ?" ಎಂದರು ಶೀಲಾವತಿ.

ಒಂದು ಸುಳ್ಳು ಬಾಯಿವರೆಗೆ ಬಂದಿತ್ತು. ನುಂಗಿದ. "ಎಂತ ಇಲ್ಲ ಅಕ್ಕ. ಆವತ್ತೂ ಇರ್ಲಿಲ್ಲ. ಸುಮ್ಮನೆ ಬಂದದ್ದು."

"ಅದು ನಮಗೆ ಆವತ್ತೇ ಗೊತ್ತಾಗಿದೆ. ಕೆದಂಬಾಡಿಯಲ್ಲೂ ರಬ್ಬರ್ ತೋಟ ಉಂಟಲ್ಲ, ಅಲ್ಲಿಯವರಿಗೆ ಹೊಗೆಗೂಡಿನ ಗುರ್ತ ಸಿಕ್ಕುದಿಲ್ವಾ?"

ಕುಕ್ಕಪ್ಪ ಜೀಪಿನ ಹಾರ್ನ್ ಒತ್ತಿದರು. ಕಡಬದಲ್ಲಿ ಸಂಬಂಧಿಕರ ಮದುವೆ, ತಡವಾಗಿತ್ತು. ಶೀಲಾವತಿ ಬಾಗಿಲಿಗೆ ಬೀಗ ಹಾಕಿ, ಸೆರಗಿನ ಮರೆಯಿಂದ ಫೋನ್ ತೆಗೆದರು.

"ನಂಬ್ರ ಹೇಳಿ. ಜನ ಇರುವಾಗ ಬರ್ಬೇಕು, ಹೀಗೆ ಬಾಗಿಲು ನೋಡಿ ಹೋಗುದಲ್ಲ."

ಅವನು ಹೇಳಿದ. ಅವರು ಒಂದೊಂದೇ ಅಂಕೆ ಒತ್ತಿ ತಲೆ ಎತ್ತಿದರು.

"ಹೆಸರು?"

ಆವತ್ತು ಮನೆ ಕೇಳಿದ್ದರು, ಹೆಸರು ಕೇಳಿರಲಿಲ್ಲ. ಬೇರೆಯವರ ಬಾಯಲ್ಲಿ ಅದನ್ನು ಕೇಳದೆ ಎಷ್ಟು ಕಾಲವಾಗಿತ್ತೆಂದರೆ, ಹೇಳುವಾಗ ಅವನ ಸ್ವರ ಸ್ವಲ್ಪ ಹೆಚ್ಚೇ ಜೋರಾಯಿತು.