ಮುಳ್ಳುಬೇಲಿಯ ಆಚೆ ನಿಂತಿದ್ದ ಸಿಸ್ಟರ್

ಸವಿತಾ, ಆ ದಿನ ಸಿಸ್ಟರ್ ಬಂದಿದ್ದರು. ಬಂದವರನ್ನು ವಾಪಸು ಕಳಿಸಿದವನು ನಾನು — ನಿನ್ನ ಚಿಕ್ಕಪ್ಪ.

ಕೊರೋನಾದ ಮೊದಲ ಬೇಸಿಗೆ. ಅಂತರಸಂತೆಯ ಸಂತೆ ನಿಂತುಹೋಗಿತ್ತು. ನಾವು ಊರಿನವರು ರಸ್ತೆಗೆ ಅಡ್ಡಲಾಗಿ ಮುಳ್ಳು ಹಾಕಿ, ಸರದಿಯ ಮೇಲೆ ಕಾವಲು ಕೂರುತ್ತಿದ್ದೆವು. ಒಳಗೆ ನಿನ್ನ ಅವ್ವ, ನನ್ನ ಅತ್ತಿಗೆ, ಬಾಯಿಯ ಕ್ಯಾನ್ಸರಿನಲ್ಲಿ ಗಂಜಿ ನುಂಗಲೂ ಕಷ್ಟಪಡುತ್ತಿದ್ದಳು. ಇನ್ನು ವಾಸಿಯಾಗದೆಂದು ಗೊತ್ತಾದ ಮೇಲೆ ಎಚ್.ಡಿ. ಕೋಟೆಯ ಆಸ್ಪತ್ರೆಯಿಂದ ಸಿಸ್ಟರ್ ಮನೆಗೇ ಬಂದು ಗಾಯ ತೊಳೆದು, ನೋವಿನ ಮಾತ್ರೆ ಕೊಟ್ಟು ಹೋಗುತ್ತಿದ್ದರು. ಅಂಗಡಿಯಲ್ಲಿ ಸಿಗುವಂಥ ಮಾತ್ರೆಯಲ್ಲ ಅದು.

ಅವತ್ತು ಮಧ್ಯಾಹ್ನ ಕಾವಲಿಗೆ ನಾನೊಬ್ಬನೇ. ಸಿಸ್ಟರ್ ಸ್ಕೂಟರಿನಲ್ಲಿ ಬಂದು, ನಿನ್ನ ಫೋನ್ ಸಿಗುತ್ತಿಲ್ಲ, ಒಳಗೆ ಬಿಡಿ ಎಂದರು. ಬಿಡಲಿಲ್ಲ. ಮಾತ್ರೆಯನ್ನಾದರೂ ತಲುಪಿಸಿ ಎಂದು ಕವರ್ ಚಾಚಿದರು. ಆಸ್ಪತ್ರೆಯ ರೋಗಿಗಳನ್ನು ಮುಟ್ಟಿದ ಕೈ — ನಾನು ಹಿಂದೆ ಸರಿದೆ. ಅವರು ಅದನ್ನು ಮೋರಿಕಟ್ಟೆಯ ಮೇಲಿಟ್ಟರು.

"ಮನೇಲಿರೋ ಮಾತ್ರೆ ನಾಳೆಗೆ ಮುಗಿಯುತ್ತೆ ಕಣ್ರೀ. ಮರೀಬೇಡಿ."

ಸ್ಕೂಟರಿನ ಸದ್ದು ಅಡಗಿದ ಮೇಲೆ ಕೋಲಿನಿಂದ ಆ ಕವರನ್ನು — ಕೆಳಗಿನ ಕಾಲುವೆಗೆ ತಳ್ಳಿದೆ. ಹೆದರಿಕೆ ಎನ್ನಲೇ? ಹೆದರಿದವನು ಅದನ್ನು ಅಲ್ಲೇ ಬಿಟ್ಟು, ನಿನ್ನನ್ನು ಕೂಗಬಹುದಿತ್ತು.

ಸಂಜೆ ನೀನು ಹೊಸಿಲಲ್ಲಿ ನಿಂತು ಕೇಳಿದೆ, "ಚಿಕ್ಕಪ್ಪ, ಸಿಸ್ಟರ್ ಏನಾರ ಬಂದಿದ್ರಾ?"

"ಯಾರೂ ಬರ್ನಿಲ್ಲ ಕಣವ್ವ."

ಮಾತ್ರೆ ಮುಗಿದ ಮೇಲೆ ಅತ್ತಿಗೆಯ ನರಳಿಕೆ ಶುರುವಾಯಿತು. ನಿನ್ನ ಫೋನ್ ಕೆಟ್ಟಿತ್ತು, ಬಸ್ಸು ನಿಂತಿತ್ತು; ಸಿಸ್ಟರಿಗೆ ಹೇಳಿಕಳಿಸುವ ದಾರಿ ನಿನಗಿರಲಿಲ್ಲ. ನಡುಗೋಡೆಯ ಈಚೆ, ನನ್ನ ಮನೆಯಲ್ಲಿ, ನನಗೆ ಎಲ್ಲವೂ ಕೇಳಿಸುತ್ತಿತ್ತು. ಮೊದಮೊದಲು ಸಿಸ್ಟರನ್ನು ಕರೆಯುತ್ತಿದ್ದಳು. ಆಮೇಲೆ ಬರೀ ದನಿ — ಮನುಷ್ಯರದೆಂದು ಹೇಳಲಾಗದ ದನಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಒಂದು ಬೆಳಗ್ಗೆ ಅದು ನಿಂತಿತು.

ಆ ಬೇಸಿಗೆ ನಮ್ಮೂರಿಗೆ ಕೊರೋನಾ ಬರಲೇ ಇಲ್ಲ.

ರಸ್ತೆ ತೆರೆದ ಮೇಲೆ ಸಿಸ್ಟರ್ ನಿನ್ನನ್ನು ಮಾತಾಡಿಸಲು ಬಂದರು. "ನಮ್ಮವ್ವ ಸಾಯಗಂಟ ಎಲ್ಲಿದ್ರಿ?" ಎಂದು ನೀನು ಬಾಗಿಲು ಹಾಕಿಕೊಂಡೆ. ಜಗಲಿಯಲ್ಲಿ ಕೂತಿದ್ದ ನನ್ನನ್ನು ಅವರು ನೋಡಿದರು — ಗುರುತು ಹಿಡಿದರು — ಏನೂ ಹೇಳದೆ ಹೊರಟುಹೋದರು.

ಹೋದ ವಾರ ಕೋಟೆಗೆ ಹೋಗಿ ಅವರನ್ನು ಕಂಡೆ. ಅಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಪ್ಪ ಮೊದಲೇ ಇಲ್ಲ, ಅವ್ವನೂ ಹೋದ್ರು. ನಿಮ್ಮನ್ನ ಬಿಟ್ರೆ ಆ ಹುಡುಗಿಗೆ ಯಾರಿದ್ರು?"

ಇಷ್ಟು ವರ್ಷ ಹಬ್ಬಹಬ್ಬಕ್ಕೆ ನನ್ನನ್ನು ಕರೆದು ಊಟಕ್ಕಿಕ್ಕಿದ್ದೀಯ. ಬಡಿಸುತ್ತಲೇ ಸಿಸ್ಟರನ್ನು ಶಪಿಸಿದ್ದೀಯ. ನಾನು ತಲೆ ಎತ್ತದೆ ಉಂಡಿದ್ದೇನೆ. ನನ್ನನ್ನು ಕ್ಷಮಿಸು ಎನ್ನುವುದಿಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ. ಆದರೆ ಅವರ ಹತ್ತಿರ — ಒಂದು ಸಲ ಹೋಗಿ ಬಾ.