ಅಕ್ಕನ ಗಿರಣಿಯ ಮೂರು ಮೆಟ್ಟಿಲು

ನರಗುಂದದ ಪೇಟೆ ಬೀದಿಯಲ್ಲಿ ನಮ್ಮಕ್ಕನ ಹಿಟ್ಟಿನ ಗಿರಣಿ. ಅದನ್ನು ಹತ್ತಲು ಮೂರು ಮೆಟ್ಟಿಲಿದ್ದವು. ಗುಡ್ಡದಿಂದ ಇಳಿದ ಮಳೆನೀರು ಆ ಮೆಟ್ಟಿಲುಗಳ ಕೆಳಗೆ ಗಟಾರ ಹಿಡಿದು ತನ್ನ ಪಾಡಿಗೆ ಹೋಗುತ್ತಿತ್ತು. ಒಮ್ಮೆ ರಸ್ತೆ ಮಾಡಿದರು; ಹಳೇ ಡಾಂಬರಿನ ಮೇಲೇ ಹೊಸ ಡಾಂಬರು ಬಿತ್ತು, ಒಂದು ಮೆಟ್ಟಿಲು ಹೋಯಿತು. ಎರಡನೇ ಸಲ ಇನ್ನೊಂದು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಮೂರನೇ ಸಲದ ಭೂಮಿಪೂಜೆಗೆ ಭಾಷಣ ಬಿಗಿದವನು ನಾನೇ.

ನಾನು ರೋಣದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಹೆದ್ದಾರಿಗೆ, ಬೀದಿಗೆ ಆಗುವ ಖರ್ಚು ನೋಡಿದರೆ ದೇಶದ ಆರೋಗ್ಯ ಗೊತ್ತಾಗುತ್ತದೆ ಎಂದು ವರ್ಷ ವರ್ಷ ಹೇಳುತ್ತ ಬಂದಿದ್ದೆ. ರಸ್ತೆ ಕೆಲಸ ಶುರುವಾದರೆ ಕಡಿ, ಸಿಮೆಂಟು, ಲಾರಿ, ಕೂಲಿ, ಚಹಾದಂಗಡಿ ಎಲ್ಲಕ್ಕೂ ಜೀವ ಬರುತ್ತದೆ. ಆ ಖರ್ಚು ಏರಿತೆಂದರೆ ದುಡಿಮೆ ಏರಿತೆಂದೇ ತಿಳಿಯಬೇಕು. ಪೂಜೆಯ ದಿನ ಅದನ್ನೇ ಮೈಕಿನಲ್ಲಿ ಗಂಟಲು ಹರಿಯುವಂತೆ ಒದರಿದೆ. ಶಾಲು ಹೊದಿಸಿದರು. ಅದನ್ನು ಅಕ್ಕನಿಗೆ ಕೊಟ್ಟು, ಉಳಿದಿದ್ದ ಒಂದೇ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ರೋಣದ ಬಸ್ಸು ಹತ್ತಿದೆ. ಕೂತದ್ದು ಅದರ ಮೇಲೇ, ಆದರೂ ಅದು ಕಣ್ಣಿಗೆ ಬೀಳಲಿಲ್ಲ. ಓದಿದವರಂಥ ಕುರುಡರು ಬೇರೆ ಎಲ್ಲೂ ಇರುವುದಿಲ್ಲ.

ಕಂಡದ್ದು ಅಕ್ಕನಿಗೆ. ಹಳೇ ಡಾಂಬರು ಕೆತ್ತುತ್ತಿಲ್ಲ, ಮೇಲೇ ಹಾಕುತ್ತಾರಂತೆ ಎಂದು ಫೋನು ಮಾಡಿದಳು. ಪಕ್ಕದ ಅರಿವೆ ಅಂಗಡಿಯವರು ತಮ್ಮ ನೆಲ ಎತ್ತರಿಸಿಕೊಂಡಿದ್ದರು. ಅಕ್ಕನಿಗೆ ಅದು ಆಗದ ಮಾತು. ಗಿರಣಿಯ ಮೋಟಾರು ನೆಲದಲ್ಲೇ ಹೂತು ಕೂತಿದೆ, ಅದನ್ನು ಎತ್ತಬೇಕೆಂದರೆ ಇಡೀ ಗಿರಣಿಯನ್ನೇ ಬಿಚ್ಚಬೇಕು. ಆ ಮೋಟಾರಿನ ಮೇಲೆಯೇ ಅವಳ ಮನೆ ನಡೆಯುವುದು.

ಕೆಲಸದ ಮೇಲಿದ್ದ ಎಂಜಿನಿಯರ್ ಹುಡುಗನ ಹತ್ತಿರ ಹೋದೆ. ನನ್ನನ್ನು ನೋಡಿ ಕುರ್ಚಿ ಬಿಟ್ಟು ಎದ್ದ, ನೀರು ಕೊಟ್ಟ. ಹಳೇದನ್ನು ಕೆತ್ತುವುದು ಎಸ್ಟಿಮೇಟಿನಲ್ಲೇ ಇಲ್ಲ ಅಂದ. ಗುಡ್ಡದ ನೀರು ಅಂಗಡಿಯೊಳಗೆ ನುಗ್ಗುತ್ತದಲ್ಲ ಎಂದು ದನಿ ಏರಿಸಿದೆ. ಅವನು ಸಿಟ್ಟಾಗಲಿಲ್ಲ.

"ಅವತ್ತ ನೀವ ಹೇಳಿದ್ರಲ್ರಿ ಸರ್, ರಸ್ತಾಕ್ಕ ರೊಕ್ಕ ಖರ್ಚಾದಷ್ಟೂ ಊರಿಗೆ ಚಲೋ ಅಂತ. ಖರ್ಚಂತೂ ಆಗಾಕತ್ತೈತ್ರಿ."

ಚೇಷ್ಟೆಗೆ ಅಂದಿದ್ದರೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟಿತ್ತು. ಅವನು ನಂಬಿಯೇ ಅಂದಿದ್ದ, ಚಲೋ ವಿದ್ಯಾರ್ಥಿಯ ಹಾಗೆ. ಎದ್ದುಬಂದೆ. ಅಲ್ಲೇ ರಸ್ತೆಗೆ ಅಡ್ಡ ಮಲಗಬೇಕಿತ್ತು. ಮಲಗಲಿಲ್ಲ, ಮರುದಿನ ಕ್ಲಾಸಿತ್ತು. ಎರಡು ದಿನದಲ್ಲಿ ಕೊನೆಯ ಮೆಟ್ಟಿಲೂ ಹೋಗಿ, ಗಟಾರವೂ ಮುಚ್ಚಿ, ರಸ್ತೆ ಗಿರಣಿಯ ಹೊಸ್ತಿಲಿಗಿಂತ ನಾಲ್ಕು ಬೆರಳು ಮೇಲೆ ಕೂತಿತು.

ಮೊದಲ ದೊಡ್ಡ ಮಳೆಗೇ ಮೋಟಾರು ಸುಟ್ಟಿತು. ಸುದ್ದಿ ಕೇಳಿ ರಜಾ ಹಾಕಿ ಹೋದೆ. ಅಕ್ಕ ಬಾಗಿಲಿಗೆ ತೌಡಿನ ಚೀಲ ಅಡ್ಡ ಇಟ್ಟಿದ್ದಳು, ಸಂದಿಗೆ ನನ್ನ ಶಾಲನ್ನು ತುರುಕಿದ್ದಳು. ಹಿಟ್ಟು ಮೆತ್ತಿಕೊಂಡ ಆ ಶಾಲನ್ನು ಹಿಂಡುತ್ತ ನನ್ನ ಕಡೆ ನೋಡಿದಳು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಚಲೋ ಇತ್ತು.

"ನೀ ಕಲಿಸೂದ್ರಾಗ ಈ ನೀರು ಎಲ್ಲಿ ಬರತೈತೋ ತಮ್ಮಾ?"

ಉತ್ತರ ನನಗೆ ಗೊತ್ತಿತ್ತು. ನಾನು ಕಲಿಸುವ ಲೆಕ್ಕದಲ್ಲಿ ನೀರು ಎಲ್ಲೂ ಬರುವುದಿಲ್ಲ. ಸುಟ್ಟ ಮೋಟಾರು ರಿಪೇರಿಗೆ ಕೊಟ್ಟರೆ ಮಾತ್ರ ಆ ಖರ್ಚು ಬರುತ್ತದೆ, ಅದೂ ದುಡಿಮೆಯ ಏರಿಕೆ ಎಂದೇ. ಪ್ಯಾಂಟು ಮಡಚಿ ಕಸಬರಿಗೆ ಹಿಡಿದೆ. ರಾಡಿಯಾದ ಹಿಟ್ಟನ್ನು ಹೊರಗೆ ಗುಡಿಸಲು ಹೋದರೆ ಅದು ತಿರುಗಿ ಒಳಗೇ ಹರಿದು ಬರುತ್ತಿತ್ತು. ಅಕ್ಕ ಬುಟ್ಟಿ ತಂದಳು. ಇಬ್ಬರೂ ಅದರಲ್ಲಿ ತುಂಬಿ ತುಂಬಿ, ರಸ್ತೆಯ ಮೇಲಕ್ಕೆ ಎತ್ತಿ ಸುರಿದೆವು.